ಜವಾನನ ಶ್ವಾಸಕೋಶದಲ್ಲಿ ಸಿಕ್ಕ ಸತ್ಯ

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್‌ ಬಹಾದ್ದೂರ್‌ ಶಾಸ್ತ್ರಿಯವರ ಕೈಯಿಂದ. ಜಲಾಶಯಕ್ಕೆ ಇವತ್ತಿಗೂ ಅವರದೇ ಹೆಸರು. ಮರುವರ್ಷ ‘ಜೈ ಜವಾನ್‌, ಜೈ ಕಿಸಾನ್‌’ ಎಂದವರೂ ಅವರೇ. ಅದರಲ್ಲಿ ಕಿಸಾನನ ಪಾಲು ಏನೆಂಬುದು ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರಿಗೆ ಹೇಳಬೇಕಿಲ್ಲ. ಜವಾನನಿಗೆ ಜೈ ಅನ್ನುವುದು ಹೇಗೆ ಎಂಬುದು ಕಷ್ಟದ ಪ್ರಶ್ನೆ. ಅವನನ್ನು ಗಡಿಗೆ ಅಟ್ಟಿದ ನೀತಿಯೇ ತಪ್ಪು ಎಂದು ಅನ್ನಿಸಿದಾಗಲಂತೂ ಇನ್ನೂ ಕಷ್ಟ. ಇದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರ ಒಂದು ಕಾಯಿಲೆ ಪತ್ತೆಯಾದ ಕತೆಯಲ್ಲಿದೆ.

1961ರ ಕೊನೆಗೆ ದಿಲ್ಲಿ ಸರ್ಕಾರ ಚೀನಾ ಗಡಿಯುದ್ದಕ್ಕೂ ಮುಂದೆ ಮುಂದೆ ಠಾಣೆ ಹಾಕುವ ನೀತಿ ಹಿಡಿಯಿತು. ಅದಕ್ಕೆ ಬೇಕಾದ ರಸ್ತೆ, ಬೂಟು, ಉಣ್ಣೆ ಬಟ್ಟೆ, ಮದ್ದುಗುಂಡು ಯಾವುದೂ ಸಾಕಷ್ಟಿರಲಿಲ್ಲ. ಕೊಡಗಿನ ಜನರಲ್‌ ತಿಮ್ಮಯ್ಯ 1959ರಲ್ಲೇ ರಕ್ಷಣಾ ಸಚಿವ ಕೃಷ್ಣ ಮೆನನ್‌ ಅವರೊಡನೆ ಹೊಂದಲಾರದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂತೆಗೆದುಕೊಂಡಿದ್ದರು. ನಿವೃತ್ತಿಯ ನಂತರ, ಯುದ್ಧಕ್ಕೆ ಮೂರು ತಿಂಗಳ ಮೊದಲು, ಚೀನಾವನ್ನು ಭಾರತ ಒಂಟಿಯಾಗಿ ಎದುರಿಸುವುದು ತಮ್ಮ ಊಹೆಗೂ ನಿಲುಕದು ಎಂದು ‘ಸೆಮಿನಾರ್‌’ ಪತ್ರಿಕೆಯಲ್ಲಿ ಬರೆದರು. ತನ್ನ ಹುಡುಗರನ್ನು ಬಲ್ಲವನ ಎಚ್ಚರಿಕೆ ಅದು. 1962ರ ಅಕ್ಟೋಬರ್‌ 20ರಂದು ಯುದ್ಧ ಬಂತು. ನಾಮ್ಕಾ ಚು ಹೊಳೆಯ ದಂಡೆಯಲ್ಲಿ ತನ್ನ ಬ್ರಿಗೇಡ್‌ ನಾಶವಾದದ್ದನ್ನು ಕಂಡು, ಸೆರೆಯಾಳಾಗಿ ಮರಳಿದ ಬ್ರಿಗೇಡಿಯರ್‌ ಜಾನ್‌ ದಳವಿ ಬರೆದ ‘ಹಿಮಾಲಯನ್‌ ಬ್ಲಂಡರ್‌’ ಅನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು. ಸಿಪಾಯಿಯ ಮೇಲಿನ ಪ್ರೀತಿಯೂ ನೀತಿಯ ಮೇಲಿನ ಸಿಟ್ಟೂ ಒಂದೇ ಎದೆಯಲ್ಲಿ ಹೇಗಿರುತ್ತವೆ ಎಂಬುದನ್ನು ಕನ್ನಡ ಓದುಗರು ಅಲ್ಲಿ ಕಂಡಿದ್ದಾರೆ.

ಆ ಚಳಿಗಾಲದಲ್ಲಿ ಬಯಲುಸೀಮೆಯ ಹುಡುಗರನ್ನು ವಿಮಾನದಲ್ಲಿ ತುಂಬಿ ಲೇಹ್‌ಗೆ ಇಳಿಸಿದರು. ಆಲಮಟ್ಟಿ ಜಲಾಶಯ ಭರ್ತಿಯಾದಾಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.6 ಮೀಟರಿಗೆ. ಲೇಹ್‌ ಇರುವುದು ಸುಮಾರು 3,500 ಮೀಟರಿನಲ್ಲಿ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲು. ಇಳಿದವರಲ್ಲಿ ಕೆಲವರಿಗೆ ಮೊದಲ ಎರಡು ಮೂರು ದಿನದೊಳಗೆ ಒಣಕೆಮ್ಮು, ನಡೆದರೆ ಏದುಸಿರು, ರಾತ್ರಿ ಮಲಗಲಾರದ ಸಂಕಟ. ಆಮೇಲೆ ತುಟಿ ನೀಲಿ, ಎದೆಯಲ್ಲಿ ಗೊರಗೊರ, ನೊರೆ ನೊರೆ ಗುಲಾಬಿ ಕಫ. ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗರು ಒಂದು ರಾತ್ರಿಯಲ್ಲಿ ಸತ್ತರು.

ನ್ಯುಮೋನಿಯಾ ಎಂದು ಪೆನಿಸಿಲಿನ್‌ ಕೊಡುವುದು ಅಂದಿನ ರೂಢಿ. ಆದರೆ ನ್ಯುಮೋನಿಯಾಕ್ಕೆ ಬರಬೇಕಾದ ಜೋರು ಜ್ವರ ಹಲವರಲ್ಲಿ ಕಾಣಲಿಲ್ಲ. ಹೃದಯ ಸೋತಿದೆ ಎನ್ನೋಣವೆಂದರೆ ಹೃದಯ ಚೆನ್ನಾಗಿಯೇ ಇತ್ತು. ಪೆರುವಿನ ವೈದ್ಯರು ಆಂಡೀಸ್‌ ಬೆಟ್ಟಗಳಲ್ಲಿ ಇದನ್ನು ಮೊದಲೇ ಕಂಡಿದ್ದರು, ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಅಮೆರಿಕದ ಚಾರ್ಲ್ಸ್‌ ಹ್ಯೂಸ್ಟನ್‌ 1960ರಲ್ಲಿ ಇಂಗ್ಲಿಷಿನಲ್ಲಿ ವರದಿ ಮಾಡಿದರು. ಎಲ್ಲವೂ ಬೆರಳೆಣಿಕೆಯ ಪ್ರಕರಣಗಳು.

ನಮ್ಮ ಸೇನಾ ವೈದ್ಯರ ಮುಂದಿದ್ದದ್ದು ನೂರಾರು ರೋಗಿಗಳು. ಇಂದರ್‌ ಸಿಂಗ್‌ ಮತ್ತು ಸಂಗಡಿಗರು ಒಬ್ಬೊಬ್ಬನ ವಿವರವನ್ನೂ ಬರೆದಿಟ್ಟರು: ಯಾವಾಗ ಬಂದ, ಹೇಗೆ ಬಂದ, ಎಷ್ಟು ದುಡಿದ, ಎಷ್ಟು ಗಂಟೆಗೆ ಬಿದ್ದ. ಹಾಗೆ ಕೂಡಿಟ್ಟಾಗ ಚಿತ್ರ ಮೂಡಿತು. ಹೊಸದಾಗಿ ಏರಿದವರು ಬೀಳುತ್ತಿದ್ದರು. ಅದಕ್ಕಿಂತ ಅಚ್ಚರಿಯೆಂದರೆ, ತಿಂಗಳುಗಟ್ಟಲೆ ಅಲ್ಲೇ ಇದ್ದು, ರಜೆಗೆ ಊರಿಗೆ ಹೋಗಿ ಬಂದವರೂ ಬೀಳುತ್ತಿದ್ದರು. ಅಂದರೆ ಎತ್ತರಕ್ಕೆ ಪಳಗಿದ ಮೈ ಕೆಳಗಿಳಿದಾಗ ಆ ಪಳಗನ್ನು ಕಳೆದುಕೊಳ್ಳುತ್ತದೆ. ಬಂದೊಡನೆ ಭಾರ ಹೊತ್ತವರಿಗೆ, ಚಳಿ ತಿಂದವರಿಗೆ ಅಪಾಯ ಹೆಚ್ಚು. 332 ಸೈನಿಕರ ಈ ಅಧ್ಯಯನ 1965ರಲ್ಲಿ ‘ಲ್ಯಾನ್ಸೆಟ್‌’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಎನ್‌.ಡಿ. ಮೆನನ್‌ ಎಂಬ ವೈದ್ಯರು ಲೇಹ್‌ನ ನೂರರಷ್ಟು ರೋಗಿಗಳನ್ನು ನೋಡಿ, ಆಮ್ಲಜನಕ ಮತ್ತು ಹಾಸಿಗೆಯ ವಿಶ್ರಾಂತಿಯಿಂದಲೇ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ ಎಂದು ತೋರಿಸಿದರು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಸೆಟೆದು, ಒತ್ತಡ ಏರಿ, ಸಣ್ಣ ನಾಳಗಳಿಂದ ನೀರು ಗಾಳಿಗೂಡಿಗೆ ಸೋರುತ್ತದೆ. ಈ ಒತ್ತಡವನ್ನು ನಮ್ಮ ಸೈನಿಕರಲ್ಲಿ ಅಳೆದವರಲ್ಲಿ ದಿಲ್ಲಿಯ ಏಮ್ಸ್‌ನ ಸುಜಯ್‌ ರಾಯ್‌ ಒಬ್ಬರು. ಎಲ್ಲ ಸಲಹೆಯೂ ನಿಲ್ಲಲಿಲ್ಲ. ಇಂದರ್‌ ಸಿಂಗ್‌ ತಂಡ ಶಿಫಾರಸು ಮಾಡಿದ್ದ ಮೂತ್ರವರ್ಧಕ ಔಷಧವನ್ನು, ಮೊದಲೇ ನೀರು ಬತ್ತಿದ ಮೈಗೆ ಅದು ಒಳ್ಳೆಯದಲ್ಲವೆಂದು ಮುಂದಿನವರು ಕೈಬಿಟ್ಟರು.

ಆದರೆ ಮುಖ್ಯವಾದದ್ದು ಉಳಿಯಿತು: ನಿಧಾನವಾಗಿ ಏರು. ಇಂದು ಸೇನೆಯಲ್ಲಿ 9,000 ಅಡಿ ದಾಟಿದರೆ ಆರು ದಿನ, 12,000 ದಾಟಿದರೆ ಮತ್ತೆ ನಾಲ್ಕು, 15,000 ದಾಟಿದರೆ ಇನ್ನೂ ನಾಲ್ಕು ದಿನ ಮೈ ಪಳಗಿಸಿಕೊಳ್ಳಬೇಕು. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ. ರಜೆಯಿಂದ ಮರಳಿದವನಿಗೂ ಇದು ತಪ್ಪಿದ್ದಲ್ಲ. ಮೈಸೂರಿನಲ್ಲಿ 1961ರ ಡಿಸೆಂಬರ್‌ನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಹಸಿವೇ ಸಾಯುವ ಆ ಎತ್ತರದಲ್ಲಿ ತಿನ್ನಬಹುದಾದ ಊಟಕ್ಕಾಗಿ ದುಡಿದಿದೆ. ನೀತಿಯನ್ನು ಒಪ್ಪಿದವನೋ ಒಪ್ಪದವನೋ ಎಂದು ಕೇಳದೆ ಸಿಪಾಯಿಯ ಜೀವ ಉಳಿಸುವ ಕೆಲಸಗಳಿವು. ಬೆಂಬಲವೆಂದರೆ ಇದು ಎಂದು ನಾನು ನಂಬುತ್ತೇನೆ.

ಉಳಿದರ್ಧ ಕೆಲಸ ಪ್ರಶ್ನೆ ಕೇಳುವುದು. 1962ರ ನವೆಂಬರ್‌ನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಲೋಕಸಭೆ ದಿನಗಟ್ಟಲೆ ಚರ್ಚಿಸಿತು. ಸರ್ಕಾರವನ್ನು ಕಟುವಾಗಿ ಟೀಕಿಸಿದವರೇ ಜವಾನರ ಶೌರ್ಯಕ್ಕೆ ತಲೆಬಾಗಿದ ನಿರ್ಣಯಕ್ಕೆ ಎದ್ದು ನಿಂತರು. ಟೀಕೆಯಿಂದ ಸೈನಿಕರ ಧೈರ್ಯ ಕುಂದುತ್ತದೆ ಎಂದು ಇಂದು ಬಾಯಿ ಮುಚ್ಚಿಸುವವರು ಆ ವಾರದ ನಡಾವಳಿ ಓದಬೇಕು. ಸಿಯಾಚಿನ್‌ನಲ್ಲಿ ನಾವು ಕಳೆದುಕೊಂಡವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಿಮ ಮತ್ತು ಎತ್ತರ. 2016ರ ಫೆಬ್ರುವರಿ 3ರ ಹಿಮಕುಸಿತದಲ್ಲಿ ಹೂತುಹೋದ ಹತ್ತು ಮಂದಿಯಲ್ಲಿ ಮೂವರು ನಮ್ಮವರು. ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕಿ, 11ರಂದು ತೀರಿಕೊಂಡರು. ಅವರಿಗಾಗಿ ಹರಕೆ ಹೊತ್ತ ನಾಡಿಗೆ, ಅಲ್ಲಿ ಸೈನ್ಯ ನಿಲ್ಲಲೇಬೇಕೇ ಎಂದು ಕೇಳುವ ಹಕ್ಕೂ ಇದೆ.

ವೈದ್ಯರು ತಮ್ಮ ರೋಗಿಗಳ ಸಾವು-ಬದುಕಿನ ಲೆಕ್ಕವನ್ನು ಮೂರೇ ವರ್ಷದಲ್ಲಿ ಜಗತ್ತಿನ ಮುಂದಿಟ್ಟರು. ಅದೇ ಯುದ್ಧದ ಸೋಲನ್ನು ತನಿಖೆ ಮಾಡಿ ಹೆಂಡರ್ಸನ್‌ ಬ್ರೂಕ್ಸ್‌ ಮತ್ತು ಪ್ರೇಮೀಂದ್ರ ಸಿಂಗ್‌ ಭಗತ್‌ 1963ರಲ್ಲಿ ಕೊಟ್ಟ ವರದಿಯನ್ನು ಇಷ್ಟು ವರ್ಷ ಬಂದ ಯಾವ ಸರ್ಕಾರವೂ ಪ್ರಕಟಿಸಲಿಲ್ಲ. 2014ರಲ್ಲಿ ಒಬ್ಬ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು ಹೊರಹಾಕಿದ್ದಷ್ಟೇ. ಆ ವರದಿ ಪೂರ್ತಿಯಾಗಿ ಹೊರಬರಬೇಕು. ಜವಾನನಿಗೆ ಜೈ ಅನ್ನುವ ಪ್ರತಿಯೊಬ್ಬರೂ ತಮ್ಮ ಸಂಸದರನ್ನು ಅದಕ್ಕಾಗಿ ಕೇಳಬೇಕು.