ಫೈಟರ್ ಮೀನಿಗೆ ಬೌಲ್ ಸಾಲದು

ಸೊಸೈಟಿಯ ನಿಯಮ, ಫ್ಲ್ಯಾಟಿನ ಇಕ್ಕಟ್ಟು, ಬೆಳಗ್ಗೆ ಲೋಕಲ್ ಹಿಡಿಯುವ ಧಾವಂತದ ನಡುವೆ ನಾಯಿ, ಬೆಕ್ಕು ಸಾಕುವುದು ಮಹಾನಗರದ ನಮ್ಮವರಿಗೆ ಸುಲಭವಲ್ಲ. ಮಕ್ಕಳು ಹಟ ಹಿಡಿದಾಗ ಹೆಚ್ಚಿನ ಮನೆಗಳಿಗೆ ಬರುವುದು ಮೀನು. ಅದರಲ್ಲೂ ಅಂಗಡಿಯವರು ‘ಫೈಟರ್’ ಎಂದು ಕರೆಯುವ ಬೆಟ್ಟಾ. ರೇಷ್ಮೆ ಸೆರಗಿನಂತೆ ಇಳಿಬಿದ್ದ ಅದರ ಈಜುರೆಕ್ಕೆಗಳನ್ನು ಕಂಡರೆ ದೊಡ್ಡವರೂ ಮರುಳಾಗುತ್ತಾರೆ. ‘ಚಿಕ್ಕ ಬೌಲ್ ಸಾಕು, ಪಂಪ್ ಬೇಡ’ ಎಂದು ಅಂಗಡಿಯವರು ಕಳುಹಿಸಿಕೊಡುತ್ತಾರೆ. ಒಂದೆರಡು ತಿಂಗಳಲ್ಲಿ ರೆಕ್ಕೆ ಹರಿದು, ಬಣ್ಣ ಕುಂದಿ ಮೀನು ಸಾಯುತ್ತದೆ. ಅದರ ಆಯುಷ್ಯವೇ ಅಷ್ಟು ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಸರಿಯಾಗಿ ನೋಡಿಕೊಂಡರೆ ಬೆಟ್ಟಾ ಸುಮಾರು ಮೂರು ವರ್ಷ ಬದುಕುವ ಮೀನು.

ಬೌಲ್ ಸಾಕು ಎಂಬ ಮಾತು ಹುಟ್ಟಿದ್ದು ಅರ್ಧ ಸತ್ಯದಿಂದ. ಬೆಟ್ಟಾ ಥಾಯ್ಲೆಂಡ್ ಸೀಮೆಯ ಗದ್ದೆ, ಜೌಗು, ನಿಧಾನವಾಗಿ ಹರಿಯುವ ತೋಡುಗಳ ಮೀನು. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಕಿವಿರುಗಳ ಜತೆಗೆ, ನೀರಿನ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇದಕ್ಕಿದೆ. ಹಾಗಾಗಿ ಆಮ್ಲಜನಕ ಕಡಿಮೆಯಿದ್ದರೂ ತಡೆದುಕೊಳ್ಳುತ್ತದೆ. ಆದರೆ ತನ್ನದೇ ಮಲ ಮತ್ತು ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ವಿಷವನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಬೌಲ್‌ನಲ್ಲಿ ಕೊಲ್ಲುವುದು ಆ ವಿಷ.

ಇನ್ನು ಆ ಉದ್ದ ರೆಕ್ಕೆ ಪ್ರಕೃತಿ ಕೊಟ್ಟದ್ದಲ್ಲ. ಕಾಡು ಬೆಟ್ಟಾದ ರೆಕ್ಕೆ ಗಿಡ್ಡ. ಹಾಫ್‌ಮೂನ್, ಕ್ರೌನ್‌ಟೇಲ್, ವೇಲ್‌ಟೇಲ್ ಇವೆಲ್ಲ ಮನುಷ್ಯ ಆಯ್ದು ಆಯ್ದು ಬೆಳೆಸಿದ ತಳಿಗಳು. ಅಷ್ಟು ಭಾರ ಹೊತ್ತು ಈಜುವ ಮೀನು ಬೇಗ ದಣಿಯುತ್ತದೆ, ರೆಕ್ಕೆ ಬೇಗ ಹರಿಯುತ್ತದೆ, ಕೊಳೆಯೂ ಬೇಗ ಹಿಡಿಯುತ್ತದೆ. ಹೀಗಾಗಿ ಚೆಂದ ಹೆಚ್ಚಿದಷ್ಟೂ ಆರೈಕೆ ಹೆಚ್ಚು ಬೇಕು.

ಒಂದು ಮೀನಿಗೆ 15ರಿಂದ 20 ಲೀಟರಿನ ಗಾಜಿನ ತೊಟ್ಟಿ ಇಡಿ. ಎತ್ತರಕ್ಕಿಂತ ಅಗಲ ಮುಖ್ಯ, ಉಸಿರಿಗಾಗಿ ಪದೇ ಪದೇ ಮೇಲೇರಬೇಕಲ್ಲ! ಗಾಳಿ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಇದಕ್ಕೆ ಒಳ್ಳೆಯದು. ಗಾಳಿಯನ್ನು ಮಂದವಾಗಿಡಿ, ರಭಸವಿದ್ದರೆ ರೆಕ್ಕೆ ಸೋಲುತ್ತದೆ. ಅಮೋನಿಯಾವನ್ನು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಸುವುದು ಆ ಸ್ಪಂಜಿನಲ್ಲೇ. ಅವು ಬೆಳೆಯಲು ಮೂರ್ನಾಲ್ಕು ವಾರ ಬೇಕು. ಮೊದಲ ವಾರಗಳಲ್ಲಿ ನೀರನ್ನು ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬದಲಿಸಬೇಕು, ಅನಂತರ ವಾರಕ್ಕೊಮ್ಮೆ ಕಾಲುಭಾಗ ಸಾಕು. ನಮ್ಮಲ್ಲಿ ಅನೇಕರು ಭಾನುವಾರ ಬಂತೆಂದರೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಸ್ಪಂಜನ್ನು ನಲ್ಲಿಯಡಿ ಉಜ್ಜಿ ತೊಳೆಯುತ್ತಾರೆ. ಶುಚಿತ್ವದ ಹುಮ್ಮಸ್ಸೇನೋ ಸರಿ, ಆದರೆ ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನೆಲ್ಲ ಕೊಂದುಬಿಡುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಿದರೆ ಸಾಕು. ತುಂಬಿಸುವ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ. ಕುಡಿಯುವ ಆರ್‌ಓ ನೀರನ್ನೇ ಸುರಿಯುವುದು ಬೇಡ, ಮೀನಿಗೆ ಬೇಕಾದ ಲವಣಾಂಶ ಅದರಲ್ಲಿ ಉಳಿದಿರುವುದಿಲ್ಲ.

ನೀರಿನ ಉಷ್ಣತೆ 24ರಿಂದ 28 ಡಿಗ್ರಿಯೊಳಗೆ ಇರಲಿ. ಮುಂಬಯಿಯಲ್ಲಿ ವರ್ಷದ ಬಹುಪಾಲು ಇದು ತಾನಾಗಿಯೇ ಸಿಗುತ್ತದೆ. ಪುಣೆ, ದೆಹಲಿಯ ಚಳಿಗಾಲಕ್ಕೆ ಮತ್ತು ಎಸಿ ಕೋಣೆಗೆ 25 ವ್ಯಾಟಿನ ಹೀಟರ್ ಇಡಬೇಕು. ಬೆಟ್ಟಾ ಹಾರುವ ಮೀನು, ಗಾಳಿಯಾಡುವ ಮುಚ್ಚಳ ಮರೆಯಬೇಡಿ.

ತೊಟ್ಟಿಯ ಅಲಂಕಾರದ ವಿಷಯದಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಹಳೆಯ ನೈಲಾನ್ ಬಟ್ಟೆಯ ತುಂಡನ್ನು ಪ್ಲಾಸ್ಟಿಕ್ ಗಿಡ, ಕಲ್ಲಿನ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಮೀನಿನ ರೆಕ್ಕೆಯೂ ಅಲ್ಲಿ ಹರಿಯುತ್ತದೆ. ಜೀವಂತ ಜಲಸಸ್ಯವೇ ಒಳ್ಳೆಯದು. ದಣಿದಾಗ ಮೀನು ಅದರ ಎಲೆಯ ಮೇಲೆ ಒರಗುತ್ತದೆ. ರೆಕ್ಕೆಯ ಅಂಚು ಕಪ್ಪಾಗಿ ಅಥವಾ ಬಿಳಿಯಾಗಿ ಸವೆಯುತ್ತಿದ್ದರೆ ಅದು ಕೊಳೆರೋಗದ ಲಕ್ಷಣ. ಔಷಧದ ಬಾಟಲಿಗೆ ಕೈ ಹಾಕುವ ಮೊದಲು ನೀರನ್ನು ಶುದ್ಧಗೊಳಿಸಿ. ಆರಂಭದಲ್ಲೇ ಗಮನಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ವಾಸಿಯಾಗುತ್ತದೆ. ಎರಡು ಗಂಡು ಬೆಟ್ಟಾಗಳನ್ನು ಒಟ್ಟಿಗೆ ಬಿಡಲೇಬಾರದು, ಹೆಸರೇ ಹೇಳುವಂತೆ ಕಾದಾಡಿ ಸಾಯುತ್ತವೆ.

ಫ್ಲ್ಯಾಟ್‌ಗಳಲ್ಲಿ ಯಾರೂ ಯೋಚಿಸದ ಅಪಾಯವೆಂದರೆ ಜಿರಳೆ, ಸೊಳ್ಳೆಯ ಸ್ಪ್ರೇ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೆ ಕಡುವಿಷ. ಪೆಸ್ಟ್ ಕಂಟ್ರೋಲಿನವರು ಬರುವ ದಿನ ತೊಟ್ಟಿಯನ್ನು ಬೇರೆ ಮನೆಗೆ ಸಾಗಿಸುವುದೇ ಕ್ಷೇಮ.

ಆಹಾರ ದಿನಕ್ಕೆರಡು ಬಾರಿ, ಒಮ್ಮೆಗೆ ಎರಡು ಮೂರು ಕಾಳು ಪೆಲೆಟ್. ಅದು ಕೀಟ ತಿನ್ನುವ ಮೀನು. ಅನ್ನ, ಬ್ರೆಡ್ ಹಾಕಬೇಡಿ. ರಜೆಯಲ್ಲಿ ಊರಿಗೆ ಹೋಗುವಾಗ ಏನು ಮಾಡುವುದು? ಆರೋಗ್ಯವಂತ ದೊಡ್ಡ ಮೀನು ನಾಲ್ಕೈದು ದಿನ ಉಪವಾಸ ಇರಬಲ್ಲದು. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯವರಿಗೆ ಹೇಳಿ. ಆದರೆ ಆಹಾರದ ಡಬ್ಬಿಯನ್ನೇ ಕೈಗೆ ಕೊಡಬೇಡಿ, ಪ್ರೀತಿಯಿಂದ ಚಮಚಗಟ್ಟಲೆ ಸುರಿದುಬಿಟ್ಟಾರು. ಒಂದೊಂದು ದಿನದ್ದನ್ನು ಒಂದೊಂದು ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದಿಟ್ಟು ಹೋಗಿ.