ಸೆನ್ಸರ್ ಬದಲಿಸಿದರೂ ದೀಪ ಆರದು, ಏಕೆ?

ಪ್ರಶ್ನೆ: ಜೋಗೇಶ್ವರಿ-ವಿಕ್ರೋಳಿ ಲಿಂಕ್ ರಸ್ತೆ ಬದಿಯ ಕೆಲಸಕ್ಕೆ ನಮ್ಮ ಎಕ್ಸ್‌ಕವೇಟರ್ ಬಿಟ್ಟಿದ್ದೇವೆ. ಮಳೆ ಶುರುವಾದಂದಿನಿಂದ 110-3 ಕೋಡ್ ತೋರಿಸುತ್ತದೆ. ಸೆನ್ಸರ್ ಎರಡು ಸಲ ಬದಲಿಸಿದೆವು.
– ಓದುಗರೊಬ್ಬರು, ಜೋಗೇಶ್ವರಿ

ಉತ್ತರ: ಎರಡನೆಯದಕ್ಕೆ ಕೊಟ್ಟ ದುಡ್ಡು ಬಹುಶಃ ದಂಡ! ಕೋಡ್ ದೂರುವುದು ಸೆನ್ಸರನ್ನಲ್ಲ, ಇಡೀ ಸರ್ಕ್ಯೂಟನ್ನು. 110 ಎಂದರೆ ಕೂಲಂಟ್ ತಾಪ. 3 ಎಂದರೆ ವೋಲ್ಟೇಜ್ ಮಿತಿಗಿಂತ ಹೆಚ್ಚು. ಎಂಜಿನ್ ನಿಯಂತ್ರಿಸುವ ಇಸಿಎಂ 5 ವೋಲ್ಟ್ ಕಳಿಸುತ್ತದೆ, ಸೆನ್ಸರ್ ಬಿಸಿಯಾದಂತೆ ಅದರ ರೋಧ ಇಳಿದು ವೋಲ್ಟೇಜೂ ಇಳಿಯುತ್ತದೆ. ತಂತಿ ಕಡಿದರೆ ಪೂರಾ 5 ವೋಲ್ಟ್ ಉಳಿದು, ಮುಂಬೈ ಸೆಕೆಯಲ್ಲೂ ಎಂಜಿನ್ ಹಿಮಗಟ್ಟಿದೆ ಎಂದು ಇಸಿಎಂ ನಂಬುತ್ತದೆ.

ಕನೆಕ್ಟರ್ ಬಿಚ್ಚಿ ನೋಡಿ. ಮಳೆನೀರಿಗೆ ಪಿನ್ ಹಸಿರುಗಟ್ಟಿರಬಹುದು. ಸರಿಯಿದ್ದರೆ, ಹಾರ್ನೆಸ್ ಕಡೆಯ ಎರಡು ಪಿನ್‌ಗಳನ್ನು ತುಂಡು ತಂತಿಯಿಂದ ಜೋಡಿಸಿ. ಕೋಡ್ 110-4 ಆದರೆ ತಂತಿ, ಇಸಿಎಂ ಎರಡೂ ಸರಿ. 3 ಕದಲದಿದ್ದರೆ ತಂತಿ ಬಹುಶಃ ಎಲ್ಲೋ ತುಂಡಾಗಿದೆ. ಕ್ಲಾಂಪ್ ಉಜ್ಜುವ ಜಾಗದಿಂದ ಹುಡುಕಿ.

ಈ ಉಪಾಯ ಎರಡು ತಂತಿಯ ತಾಪದ ಸೆನ್ಸರಿಗೆ ಮಾತ್ರ. ಮೂರು ತಂತಿಯ ಒತ್ತಡದ ಸೆನ್ಸರಿನಲ್ಲಿ ಹೀಗೆ ಮಾಡಬೇಡಿ.