ಗ್ರೀಸ್ ಅಲ್ಲ, ಎಣ್ಣೆ

ನನ್ನ ಟ್ರಯಂಫ್ ಸ್ಪಿಟ್‌ಫೈರ್‌ನ ಹುಟ್ಟೂರು ಇಂಗ್ಲೆಂಡಿನ ಕವೆಂಟ್ರಿ. 1962ರಿಂದ 1980ರವರೆಗೆ ತಯಾರಾದ ಈ ಪುಟ್ಟ ಸ್ಪೋರ್ಟ್ಸ್ ಕಾರಿಗೆ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಅದರ ಅಂದಕ್ಕೆ ಮನಸೋತವರು ಮುಂದಿನ ಚಕ್ರದ ಹಿಂದೆಯೂ ಒಮ್ಮೆ ಇಣುಕಬೇಕು.

ಅಲ್ಲಿ, ಸಸ್ಪೆನ್ಷನ್ನಿನ ಕೆಳತೋಳಿನ ತುದಿಯಲ್ಲಿ, ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ತುಂಡೊಂದಿದೆ. ಅದೇ ಟ್ರನಿಯನ್. ಚಕ್ರ ಹೊತ್ತ ಉಕ್ಕಿನ ಕಂಬದ ಬುಡಕ್ಕೆ ಬೋಲ್ಟಿನಂತೆ ಥ್ರೆಡ್ ಕೊರೆದು ಇದರೊಳಗೆ ಕೂರಿಸಿದ್ದಾರೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಂಬ ಅದರಲ್ಲಿ ತಿರುಗುತ್ತದೆ. ಇಲ್ಲಿಗೆ ಗ್ರೀಸ್ ತುಂಬಿದರೆ ಕೆಟ್ಟಿತು. ಅದು ಗಟ್ಟಿಯಾಗಿ ಥ್ರೆಡ್‌ಗಳ ಸಂದಿಗೆ ಇಳಿಯುವುದಿಲ್ಲ. ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಕಂಬ ಮುರಿದರೆ ಓಡುತ್ತಿರುವ ಕಾರಿನ ಚಕ್ರವೇ ಮಡಚಿಕೊಳ್ಳುತ್ತದೆ. ಬೇಕಾದದ್ದು ಇಪಿ 90 ಗೇರ್ ಆಯಿಲ್.

ನಾನು ಕೊಂಡಾಗ ಒಳಗಿದ್ದದ್ದು ಹಳೆಯ ಗ್ರೀಸ್, ಒಣಗಿದ ಹುಣಸೆಹಣ್ಣಿನ ಹಾಗೆ ಕರ್ರಗೆ. ಸೀಮೆಎಣ್ಣೆಯಲ್ಲಿ ತೊಳೆಯಲು ಇಡೀ ಭಾನುವಾರ ಹಿಡಿಯಿತು.

ಈಗ ಆರು ತಿಂಗಳಿಗೊಮ್ಮೆ ಜ್ಯಾಕ್ ಹಾಕಿ ಚಕ್ರ ಎತ್ತುತ್ತೇನೆ. ಟ್ರನಿಯನ್ನಿನ ಪ್ಲಗ್ ಬಿಚ್ಚಿ ನಿಪ್ಪಲ್ ಕೂರಿಸಿ, ಎಣ್ಣೆ ತುಂಬಿದ ಗನ್ ಒತ್ತುತ್ತೇನೆ. ನಡುನಡುವೆ ಚಕ್ರವನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಬೇಕು. ಗಂಧಕದ ಘಾಟು ಮೂಗಿಗೆ ಬಡಿಯುತ್ತದೆ. ಕೊನೆಗೆ ಮೇಲಿನ ಸೀಲಿನ ಅಂಚಿನಲ್ಲಿ ಜೇನುಬಣ್ಣದ ಹನಿಯೊಂದು ಉಬ್ಬಿ, ನಿಧಾನವಾಗಿ ಕೆಳಗಿಳಿಯುತ್ತದೆ. ಆಗ ಗನ್ ತೆಗೆದು, ಪ್ಲಗ್ ಬಿಗಿದು, ಇನ್ನೊಂದು ಬದಿಗೆ ಹೋಗುತ್ತೇನೆ.